‘ಕುದುರೆ ಮದ್ದು’ ಎಂದು ಮೂಗು ಮುರಿಯುವವರಿಗೆ

ಕಳೆದ ತಿಂಗಳು ಪುತ್ತೂರಿನ ಸಮೀಪದ ಒಂದು ಮದುವೆಯಲ್ಲಿ ಊಟದ ಹಂತಿಗೆ ಕುಳಿತಿದ್ದೆ. ಸಾರು ಬಂದು ಹೋಗಿತ್ತು. ಸಾಂಬಾರು ಇನ್ನೂ ಹಂತಿಯ ಆ ತುದಿಯಲ್ಲಿತ್ತು. ಎಡಬದಿಯಲ್ಲಿದ್ದ ನೆಂಟರು ನನ್ನ ಕಡೆಗೆ ವಾಲಿ, “ನಿಮ್ಮ ಭಾವನಿಗೆ ಕುದುರೆಗೆ ಕೊಡುವ ಮದ್ದು ಕೊಡಿಸುತ್ತಿದ್ದೀರಂತಲ್ಲ, ಹೌದಾ?” ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಬಲಬದಿಯವರು, “ಕುದುರೆಗೆ ಮಾತ್ರ ಅಲ್ಲ, ಪೇಟೆಯ ಹುಡುಗರು ನಶೆಗೆ ಉಪಯೋಗಿಸುವುದೂ ಅದನ್ನೇ. ಪೇಪರಿನಲ್ಲಿ ಬಂದಿತ್ತು” ಎಂದರು. ಎದುರು ಹಂತಿಯಲ್ಲಿದ್ದ ನಿವೃತ್ತ ಅಧ್ಯಾಪಕರೊಬ್ಬರು ಮಾತಿಗೆ ಮಂಗಳ ಹಾಡಿದರು: “ಮನಸ್ಸು ಗಟ್ಟಿ ಮಾಡಿಕೊಂಡರೆ ಮದ್ದು ಎಂತಕೆ ಮಾರಾಯರೆ?”

ಮೂರು ಕಡೆಯಿಂದ ಮೂರು ಬಾಣ ಬಂದರೆ ಅನ್ನದ ಮುಂದೆ ಕುಳಿತವನು ಏನು ಮಾಡಿಯಾನು? ಆಗ ಸುಮ್ಮನಿದ್ದೆ. ಪಾಯಸ ಬಂದು ಮಾತು ಬೇರೆ ಕಡೆಗೆ ತಿರುಗಿತು. ಆದರೆ ಮನೆಗೆ ಬಂದ ಮೇಲೆ, ಸುಮ್ಮನಿದ್ದದ್ದು ತಪ್ಪಾಯಿತೆನ್ನಿಸಿತು. ಆ ಮೂವರೂ ಒಳ್ಳೆಯವರೇ, ಕಷ್ಟಕ್ಕೆ ಆಗುವವರೇ. ಭಾವನ ಕಾಲು ಮುರಿದಿದ್ದರೆ ಮೂವರೂ ಆಸ್ಪತ್ರೆಗೆ ಬಂದು ಕಿತ್ತಳೆ ಕೊಟ್ಟು ಹೋಗುತ್ತಿದ್ದರು. ಮುರಿದದ್ದು ಕಾಣದ ಜಾಗವಾದುದರಿಂದ ಮದ್ದಿನ ಮೇಲೆ ತೀರ್ಪು ಕೊಟ್ಟರು. ಆದುದರಿಂದ ಅವರಿಗೂ, ಅವರಂಥ ಇತರರಿಗೂ, ಜೊತೆಗೆ ಈ ಮದ್ದನ್ನು ಸಂಜೀವಿನಿಯೆಂದು ಕೊಂಡಾಡುವ ಇನ್ನೊಂದು ಪಂಗಡಕ್ಕೂ, ನನ್ನ ಉತ್ತರವನ್ನು ಇಲ್ಲಿ ಬರೆದಿಡುತ್ತೇನೆ.

ಭಾವನೆಂದರೆ ನನ್ನ ಹೆಂಡತಿಯ ತಮ್ಮ. ಸುಳ್ಯ ತಾಲೂಕಿನ ಪೂರ್ವಕ್ಕೆ, ಕೊಡಗಿನ ಬೆಟ್ಟದ ಬುಡದಲ್ಲಿ ಅವನ ತೋಟ. ಸಂಪಾಜೆ, ಅರಂತೋಡು ಕಡೆಯ ಅಡಿಕೆ ತೋಟಗಳಿಗೆ ಹಳದಿ ಎಲೆ ರೋಗ ಹೇಗೆ ಹಿಡಿಯಿತೆಂಬುದನ್ನು ಆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಇತರರಿಗೆ ಹೇಳುವುದಾದರೆ, ಹಸುರು ಸೋಗೆ ಹಳದಿಯಾಗುತ್ತದೆ, ಮಂಡೆ ಸಣ್ಣದಾಗುತ್ತದೆ, ಅಡಿಕೆಯ ಒಳಗು ಕಪ್ಪಾಗುತ್ತದೆ, ಮತ್ತು ಅದಕ್ಕೆ ಈ ತನಕ ಮದ್ದಿಲ್ಲ. ಭಾವನ ಕಾಲು ಭಾಗ ತೋಟ ಹಾಗೆ ಹೋಯಿತು. ಆಗ ಅವನು ಎದೆಗುಂದಲಿಲ್ಲ. ಹೋದ ಜಾಗದಲ್ಲಿ ರಬ್ಬರು ಇಟ್ಟ, ಉಳಿದಲ್ಲಿ ಕೊಕ್ಕೋ ಇಟ್ಟ. ರಾತ್ರಿ ತಾಳಮದ್ದಳೆಗೆ ಹೋಗಿ ಅರ್ಥ ಹೇಳಿ, ಬೆಳಗಾಗುವಾಗ ಮನೆಗೆ ಬಂದು, ಒಂದು ಲೋಟ ಕಷಾಯ ಕುಡಿದು ತೋಟಕ್ಕೆ ಇಳಿಯುತ್ತಿದ್ದ. ಸೀಕು ಬಂದದ್ದು 2021ರಲ್ಲಿ; ಹಳೆ ಅಡಿಕೆಗೆ ಕಿಲೋಗೆ ಐನೂರು ದಾಟಿ, ನಮ್ಮ ಮೂರೂ ತಾಲೂಕುಗಳಲ್ಲಿ ಎಲ್ಲರ ಮುಖದಲ್ಲಿಯೂ ಕಳೆಯಿದ್ದ ವರ್ಷ. ಹಾಗಾಗಿ “ಸಾಲ ಇತ್ತೋ ಏನೋ”, “ತೋಟ ಹೋದ ಬೇಸರ” ಎಂದು ಕಾರಣ ಹುಡುಕುವವರಿಗೆ ನನ್ನಲ್ಲಿ ಒದಗಿಸಿಕೊಡಲು ಕಾರಣವಿಲ್ಲ.

ಬೆಳಗಿನ ಜಾವ ಮೂರಕ್ಕೆ ಎಚ್ಚರ. ಮತ್ತೆ ನಿದ್ದೆಯಿಲ್ಲ. ಒಂಬತ್ತು ಗಂಟೆಯಾದರೂ ಹಾಸಿಗೆ ಬಿಟ್ಟು ಏಳಲಾಗುವುದಿಲ್ಲ. ಊಟ ಮರದ ಹೊಟ್ಟು ತಿಂದ ಹಾಗೆ. ಸಭೆಯಲ್ಲಿ ಕರ್ಣನಾಗಿ ಒಂದು ಗಂಟೆ ಮಾತಾಡುತ್ತಿದ್ದವನು ‘ಹೂಂ’, ‘ಇಲ್ಲ’ ಎಂಬೆರಡು ಮಾತಿಗೆ ಇಳಿದ. ಒಂದು ದಿನ ಜಗಲಿಯಲ್ಲಿ ಕುಳಿತು ಬಹಳ ಹೊತ್ತಿನ ಮೇಲೆ, “ಎನಗೆ ಎಂತಾಯಿದು ಹೇಳಿ ಎನಗೇ ಗೊಂತಿಲ್ಲೆ ಭಾವ” ಎಂದ. ಅವನ ಮನಸ್ಸು ಗಟ್ಟಿಯಿರಲಿಲ್ಲವೆಂದು ಹೇಳುವ ಅಧ್ಯಾಪಕರು ಆ ಜಗಲಿಯಲ್ಲಿ ಒಂದು ಸಂಜೆ ಕುಳಿತು ನೋಡಬೇಕಿತ್ತು. ಅಂಥ ಬೆಳಗುಗಳನ್ನು ಒಂದರ ಮೇಲೊಂದು ಮುನ್ನೂರು ದಾಟಿಸಲು ಬೇಕಾದ ಗಟ್ಟಿತನ ನನಗಂತೂ ಇಲ್ಲ.

ಮೊದಲು ಜೋಯಿಸರಲ್ಲಿ ಪ್ರಶ್ನೆ ಇಟ್ಟಾಯಿತು. ನಾಗನ ಕಡೆಯಿಂದ ಏನೋ ಉಂಟೆಂದು ಬಂತು. ಸುಬ್ರಹ್ಮಣ್ಯದಲ್ಲಿ ಸರ್ಪಸಂಸ್ಕಾರಕ್ಕೆ ದಿನ ಕಾದು, ಎರಡು ದಿನ ನಿಂತು, ಮಾಡಿಸಿದೆವು. ನಾನು ಇದನ್ನು ಹಾಸ್ಯ ಮಾಡಲು ಹೇಳುತ್ತಿಲ್ಲ. ಅತ್ತೆಗೆ ಅದರಿಂದ ಸಮಾಧಾನವಾಯಿತು. ಮನೆಯಲ್ಲಿ ಒಬ್ಬರಿಗಾದರೂ ಸಮಾಧಾನವಿರುವುದು ಸಣ್ಣ ಸಂಗತಿಯಲ್ಲ. ನನಗೆ ಆಶ್ಚರ್ಯವಾದದ್ದು ಬೇರೆ. ಸೇವೆಗೆ ದಿನ ಸಿಗಲು ತಿಂಗಳುಗಟ್ಟಲೆ ತಾಳ್ಮೆಯಿಂದ ಕಾದ ಅದೇ ಮನೆಯವರು, ಗುಳಿಗೆ ಆರು ವಾರ ತೆಗೆದುಕೊಳ್ಳಬೇಕೆಂದು ಡಾಕ್ಟರರು ಹೇಳಿದಾಗ ಹದಿನೈದನೆಯ ದಿನಕ್ಕೇ “ಇದರಿಂದ ಏನೂ ಆಗುವುದಿಲ್ಲ” ಎಂದು ತೀರ್ಮಾನಿಸಿದರು. ಆ ಮನೆಯವರಲ್ಲಿ ನಾನೂ ಒಬ್ಬನೆಂಬುದನ್ನು ಮುಚ್ಚಿಡುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಒಂದು ವರ್ಷದ ಮೇಲೆ ಭಾವನ ಚೀಟಿಯ ಮೇಲೆ ಒಂದು ಮಾತು ಬಂತು: ಮದ್ದಿಗೆ ಬಗ್ಗದ ಖಿನ್ನತೆ. ಎರಡು ಬೇರೆ ಬೇರೆ ಮದ್ದುಗಳನ್ನು ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ಕಾಲ ಕೊಟ್ಟೂ ಗುಣ ಕಾಣದಿದ್ದರೆ ವೈದ್ಯರು ಹೀಗೆ ಬರೆಯುತ್ತಾರೆ. ನನ್ನ ತಗಾದೆಯಿರುವುದು ಆ ‘ಸಾಕಷ್ಟು’ ಎಂಬ ಮಾತಿನ ಮೇಲೆ. ಭಾವನ ಮೊದಲ ಗುಳಿಗೆ ಅರ್ಧ ಪ್ರಮಾಣದಲ್ಲಿಯೇ ಮೂರು ವಾರ ನಡೆದು ನಿಂತಿತು. ಎರಡನೆಯದು ಸರಿಯಾಗಿ ಹತ್ತಿತ್ತೋ ಏನೋ, ಅಷ್ಟರಲ್ಲಿ ನೋಡುತ್ತಿದ್ದ ಡಾಕ್ಟರರು ವರ್ಗವಾದರು. ಬಂದವರು ಬೇರೆ ಗುಳಿಗೆ ಬರೆದರು. ನಡುವೆ ಮಳೆಗಾಲ, ನಡುವೆ ಕೊಯ್ಲು. ಹೀಗೆ ಮುರಿದು ಮುರಿದು ತಿಂದ ಗುಳಿಗೆಗಳ ಲೆಕ್ಕ ಹಾಕಿ ರೋಗ ಬಗ್ಗಲಿಲ್ಲವೆಂದರೆ ಹೇಗೆ?

ನಮ್ಮ ಕಡೆಯ ಯಾವ ಕೃಷಿಕನೂ ತೋಟದ ವಿಷಯದಲ್ಲಿ ಹೀಗೆ ಮಾತಾಡುವುದಿಲ್ಲ. ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವಾಗ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬೇರೆ ಬೇರೆ ಕದಡಬೇಕು. ಬೆರಸಿದ ಮೇಲೆ ಕತ್ತಿಯ ಅಲಗನ್ನು ಅದ್ದಿ ನೋಡಬೇಕು. ಕೆಂಪು ಹಿಡಿದರೆ ಸುಣ್ಣ ಸಾಲದು. ಮಳೆ ಹಿಡಿಯುವ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನದೊಳಗೆ ಇನ್ನೊಮ್ಮೆ, ಮಳೆ ಬಿಡದಿದ್ದರೆ ಮೂರನೆಯ ಬಾರಿ. ಮದ್ದು ಒಣಗುವ ಮುಂಚೆ ಮಳೆ ಬಂದು ತೊಳೆದುಹೋಗಿ ಕೊಳೆ ಬಿದ್ದರೆ, ಕೊಳೆರೋಗ ಮದ್ದಿಗೆ ಬಗ್ಗದು ಎಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಮದ್ದು ಬಿಟ್ಟದ್ದು ಸರಿಯಾಗಲಿಲ್ಲ ಎನ್ನುತ್ತೇವೆ. ಮದ್ದು ಬಿಡುವವನನ್ನು ಬಯ್ಯುತ್ತೇವೆ. ಅಡಿಕೆಗೆ ಸಲ್ಲುವ ಈ ಸಾಮಾನ್ಯ ತಿಳಿವಳಿಕೆ ಮನುಷ್ಯನ ತಲೆಗೆ ಯಾಕೆ ಸಲ್ಲಬಾರದು?

ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬಾಳಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಸಿಕ್ಕುವವರು ಇಪ್ಪತ್ತರಲ್ಲಿ ಒಬ್ಬರು. ಖಿನ್ನತೆಯ ರೋಗಿಗಳಲ್ಲಿ ನೂರಕ್ಕೆ ಎಂಬತ್ತೈದು ಮಂದಿಗೆ ಚಿಕಿತ್ಸೆಯೇ ಇಲ್ಲ. ಎಂದರೆ, ಮದ್ದಿಗೆ ಬಗ್ಗದವರ ಮಾತು ಹಾಗಿರಲಿ, ಮದ್ದಿನ ಮುಖವನ್ನೇ ಕಾಣದವರು ಎಂಬತ್ತೈದು! ಇದು ತಿಳಿಯದೆ ಆದದ್ದೂ ಅಲ್ಲ. ಹಳ್ಳಿಯ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟರೆ ಮನೋರೋಗಗಳ ಬಹುಪಾಲನ್ನು ಅಲ್ಲಿಯೇ ನೋಡಿಕೊಳ್ಳಬಹುದೆಂದು 1980ರ ದಶಕದಲ್ಲಿ ದೇಶಕ್ಕೆ ತೋರಿಸಿಕೊಟ್ಟದ್ದೇ ನಮ್ಮ ಬಳ್ಳಾರಿ ಜಿಲ್ಲೆ. ಅದೇ ಮಾದರಿಯ ಮೇಲೆ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಡೆಯುತ್ತ ಬಂದಿದೆ. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಏರ್ಪಾಡೂ ನಮ್ಮ ರಾಜ್ಯದ್ದೇ. ಏರ್ಪಾಡು ಒಳ್ಳೆಯದು. ಆದರೆ ಖಿನ್ನತೆಯವನಿಗೆ ಬೆಟ್ಟದಿಂದ ಇಳಿದು, ಬಸ್ಸು ಹಿಡಿದು, ಸಾಲಿನಲ್ಲಿ ನಿಲ್ಲಲು ಬೇಕಾದದ್ದು ಯಾವುದೋ, ಅವನ ಸೀಕು ಕಿತ್ತುಕೊಂಡದ್ದು ಅದನ್ನೇ ಎಂಬುದು ಏರ್ಪಾಡು ಮಾಡುವವರ ತಲೆಗೆ ಇನ್ನೂ ಹೊಕ್ಕಿಲ್ಲ.

ಇಷ್ಟು ಹೇಳಿದ ಮೇಲೆ, ಭಾವನಿಗೆ ಮೂರನೆಯ ಮತ್ತು ನಾಲ್ಕನೆಯ ಮದ್ದು ಸರಿಯಾಗಿಯೇ ಸಿಕ್ಕಿತೆಂಬುದನ್ನೂ ಹೇಳಬೇಕು. ನಾನೇ ಲೆಕ್ಕ ಇಟ್ಟೆ. ಹತ್ತು ವಾರ ಒಂದು ಗುಳಿಗೆ. ಬಳಿಕ ಅದರ ಜೊತೆಗೆ ಲಿಥಿಯಂ, ರಕ್ತ ಪರೀಕ್ಷೆ ಸಮೇತ. ಆಗಲೂ ಸೀಕು ಬಿಡಲಿಲ್ಲ. ಎಲ್ಲವನ್ನೂ ನೇಮದಿಂದ ಮಾಡಿಯೂ ಗುಣ ಕಾಣದವರು ನಿಜವಾಗಿ ಇದ್ದಾರೆ. ಅಮೆರಿಕದಲ್ಲಿ ಸಾವಿರಾರು ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಮೊದಲ ಮದ್ದಿನಿಂದ ಪೂರ್ತಿ ಚೇತರಿಸಿದವರು ಮೂರರಲ್ಲಿ ಒಂದು ಪಾಲು. ಹಂತ ಹಂತವಾಗಿ ಮದ್ದು ಬದಲಿಸುತ್ತ ಹೋದ ಹಾಗೆ ಗುಣವಾಗುವ ಸಂಭವ ಕಡಿಮೆಯಾಗುತ್ತ ಹೋಯಿತು. ಅಂಥವರಿಗೆ ವೈದ್ಯರು ಹೇಳುವುದು ಎರಡು ದಾರಿ. ಒಂದು ವಿದ್ಯುತ್ ಚಿಕಿತ್ಸೆ. ಸಿನಿಮಾದವರು ಅದನ್ನು ರಾಕ್ಷಸಕೃತ್ಯದ ಹಾಗೆ ತೋರಿಸಿ ತೋರಿಸಿ, ಹೆಸರು ಕೇಳಿದ ಕೂಡಲೆ ಅತ್ತೆ ಕಣ್ಣೀರು ಹಾಕಿದರು. 1938ರಲ್ಲಿ ಇಟಲಿಯಲ್ಲಿ ಆರಂಭವಾದ ಈ ಚಿಕಿತ್ಸೆಯನ್ನು ಈಗ ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಮದ್ದು ಕೊಟ್ಟೇ ಮಾಡಬೇಕು. ಹಾಗಲ್ಲದೆ ಮಾಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ನಿಷೇಧಿಸಿದೆ. ಎಷ್ಟು ಹೇಳಿದರೂ ಅತ್ತೆ ಒಪ್ಪಲಿಲ್ಲ. ಉಳಿದದ್ದು ಎರಡನೆಯ ದಾರಿ, ನಮ್ಮ ನೆಂಟರ ‘ಕುದುರೆ ಮದ್ದು’ — ಕೆಟಮಿನ್.

ಕುದುರೆಗೆ ಕೊಡುತ್ತಾರೆ, ನಿಜ. ದನಕ್ಕೆ ಪೆನಿಸಿಲಿನ್ ಕೊಡುವುದಿಲ್ಲವೆ? ಅದನ್ನು ದನದ ಮದ್ದೆಂದು ನೀವು ಬಿಟ್ಟಿದ್ದೀರಾ? ಕೆಟಮಿನನ್ನು ಅಮೆರಿಕದ ಪಾರ್ಕ್-ಡೇವಿಸ್ ಕಂಪೆನಿಯ ಪ್ರಯೋಗಶಾಲೆಯಲ್ಲಿ 1962ರಲ್ಲಿ ಸಿದ್ಧಪಡಿಸಿದರು. 1964ರಲ್ಲಿ ಮನುಷ್ಯರಿಗೆ ಕೊಟ್ಟು ನೋಡಿದರು. 1970ರಲ್ಲಿ ಅರಿವಳಿಕೆಯಾಗಿ ಒಪ್ಪಿಗೆ ದೊರೆತು ವಿಯೆಟ್ನಾಮಿನ ಯುದ್ಧಭೂಮಿಗೆ ಹೋಯಿತು. ಅರಿವು ತಪ್ಪಿದರೂ ಉಸಿರಾಟ ಸಾಮಾನ್ಯವಾಗಿ ನಿಲ್ಲದಿರುವುದು ಅದರ ದೊಡ್ಡ ಗುಣ. ದೊಡ್ಡ ಯಂತ್ರಗಳಿಲ್ಲದ ಸಣ್ಣ ಆಸ್ಪತ್ರೆಗಳಿಗೆ ಅದಕ್ಕಾಗಿಯೇ ಅದು ಬೇಕು. ವಿಶ್ವ ಆರೋಗ್ಯ ಸಂಸ್ಥೆ 1985ರಿಂದ ಅದನ್ನು ಅಗತ್ಯ ಔಷಧಗಳ ಪಟ್ಟಿಯಲ್ಲಿಟ್ಟಿದೆ. ಮರದಿಂದ ಬಿದ್ದ ಹುಡುಗನ ಕೈ ಮೂಳೆ ಕೂಡಿಸುವಾಗ ನಮ್ಮ ಕಡೆಯ ಎಷ್ಟೋ ಮಕ್ಕಳು ಇದೇ ಮದ್ದಿನಲ್ಲಿ ನಿದ್ದೆ ಹೋಗಿ ಎದ್ದಿದ್ದಾರು. ಅವರ ತಂದೆತಾಯಿಗಳು ಕುದುರೆಯ ಹೆಸರು ಎತ್ತಲಿಲ್ಲ.

ಬೇರೆ ಕೆಲಸಕ್ಕಾಗಿ ಹುಟ್ಟಿದ ಮದ್ದು ಮನಸ್ಸಿಗೆ ಹೇಗಾದೀತು ಎಂದು ಕೇಳುವವರಿದ್ದಾರೆ. ಖಿನ್ನತೆಯ ಮದ್ದುಗಳಲ್ಲಿ ಕೆಲವು ಹೀಗೆ ದಾರಿತಪ್ಪಿ ಬಂದವುಗಳೇ. 1952ರಲ್ಲಿ ನ್ಯೂಯಾರ್ಕಿನ ಒಂದು ಕ್ಷಯ ಆಸ್ಪತ್ರೆಯಲ್ಲಿ ಶ್ವಾಸಕೋಶಕ್ಕೆಂದು ಐಪ್ರೊನಿಯಜಿಡ್ ಕೊಟ್ಟರೆ ರೋಗಿಗಳು ಲವಲವಿಕೆಯಿಂದ ಕುಣಿಯತೊಡಗಿದರು. ಮೊದಲನೆಯ ಖಿನ್ನತೆಯ ಮದ್ದು ಅದೇ. ತದ್ವಿರುದ್ಧವಾಗಿ, ನಮ್ಮ ಸರ್ಪಗಂಧದಿಂದ ತೆಗೆದ ರೆಸರ್ಪಿನ್ ರಕ್ತದೊತ್ತಡ ಇಳಿಸುವುದರ ಜೊತೆಗೆ ಕೆಲವರ ಮನಸ್ಸನ್ನೂ ಇಳಿಸಿತು. ಮಿದುಳಿನ ರಸಾಯನದ ಕಡೆಗೆ ವಿಜ್ಞಾನಿಗಳ ಕಣ್ಣು ಹೋಗಲು ಅದೂ ಒಂದು ಕಾರಣ. ಇಷ್ಟೆಲ್ಲ ಯಾಕೆ? ಬೋರ್ಡೋ ಮದ್ದಾದರೂ ಅಡಿಕೆಗೆಂದು ಹುಟ್ಟಿತೆ? ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು, ವಿಷದ ಹಾಗೆ ಕಾಣಲು, ದಾರಿಬದಿಯ ಬಳ್ಳಿಗಳಿಗೆ ತುತ್ತು ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ಬಾರದ್ದನ್ನು ಮಿಲಾರ್ಡೆ ಎಂಬ ಪಂಡಿತನು ಗಮನಿಸಿದನು. ಕಳ್ಳರನ್ನು ಹೆದರಿಸಲು ಹುಟ್ಟಿದ್ದನ್ನು 1910ರ ಸುಮಾರಿಗೆ ಮೈಸೂರಿನ ಕೋಲ್ಮನ್ ಸಾಹೇಬರು ಕೊಳೆರೋಗಕ್ಕೆ ಹೇಳಿಕೊಟ್ಟರು. ನಮ್ಮ ತೋಟಗಳು ಇಂದೂ ಅದರ ಮೇಲೆ ನಿಂತಿವೆ.

2000ದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಏಳೇ ಏಳು ರೋಗಿಗಳ ಮೇಲಿನ ಪರೀಕ್ಷೆಯನ್ನು ಪ್ರಕಟಿಸಿದರು: ದೇಹದ ತೂಕದ ಒಂದೊಂದು ಕಿಲೋಗೆ ಅರ್ಧ ಮಿಲಿಗ್ರಾಮಿನ ಲೆಕ್ಕದಲ್ಲಿ, ಅರಿವಳಿಕೆಗೆ ಬೇಕಾಗುವುದಕ್ಕಿಂತ ಎಷ್ಟೋ ಕಡಿಮೆ, ನಲವತ್ತು ನಿಮಿಷ ನಿಧಾನವಾಗಿ ರಕ್ತನಾಳಕ್ಕೆ. ಗುಳಿಗೆಗಳು ವಾರಗಟ್ಟಲೆ ಹಿಡಿಯುವ ಕೆಲಸ ಗಂಟೆಗಳಲ್ಲಿ, ದಿನಗಳಲ್ಲಿ ಕಂಡಿತು. 2006ರಲ್ಲಿ ಅಲ್ಲಿಯ ಸರಕಾರಿ ಸಂಸ್ಥೆ ಹದಿನೆಂಟು ಮಂದಿಯ ಮೇಲೆ ಮಾಡಿದಾಗಲೂ ಹಾಗೆಯೇ. ಮಿದುಳಿನ ಕಣಗಳು ತಮ್ಮೊಳಗೆ ಮಾತಾಡುವ ಗ್ಲುಟಮೇಟ್ ಎಂಬ ದ್ರವ್ಯದ ಒಂದು ಬಾಗಿಲನ್ನು ಇದು ಸ್ವಲ್ಪ ಹೊತ್ತು ಮುಚ್ಚುತ್ತದೆ; ಅದರ ಪರಿಣಾಮವಾಗಿ ಬಾಡಿದ ಸಂಪರ್ಕಗಳು ಮತ್ತೆ ಚಿಗುರುತ್ತವೆ ಎಂದು ಒಂದು ವಾದ. ಪಂಡಿತರಲ್ಲಿ ಇನ್ನೂ ಜಗಳ ಮುಗಿದಿಲ್ಲ. 2023ರಲ್ಲಿ ಅಮೆರಿಕದಲ್ಲಿ 365 ಮಂದಿಯ ಮೇಲೆ ಇದನ್ನೂ ವಿದ್ಯುತ್ ಚಿಕಿತ್ಸೆಯನ್ನೂ ಹೋಲಿಸಿದಾಗ ಕೆಟಮಿನಿನಲ್ಲಿ ನೂರಕ್ಕೆ 55, ವಿದ್ಯುತ್ತಿನಲ್ಲಿ ನೂರಕ್ಕೆ 41 ಮಂದಿಗೆ ಗುಣ ಕಂಡಿತು.

ಇನ್ನು ಎರಡನೆಯ ಪಂಗಡದವರ ಕಡೆಗೆ ತಿರುಗುತ್ತೇನೆ; ಇವರ ಮೇಲೆ ನನಗೆ ಹೆಚ್ಚು ಸಿಟ್ಟು. ‘ಒಂದು ಡ್ರಿಪ್, ಹೊಸ ಬದುಕು’ ಎನ್ನುವ ಧಾಟಿಯಲ್ಲಿ ಮಾತಾಡುವವರು ಇವರು. ಹತ್ತಿರದ ಒಬ್ಬ ಯುವಕನು ತನ್ನ ಫೋನಿನಲ್ಲಿ ಅಂಥ ಜಾಹೀರಾತು ತೋರಿಸಿ, “ಮಾವ, ಇದರಲ್ಲಿ ಪೂರ್ತಿ ಗುಣ ಅಂತೆ” ಎಂದ. ಪೂರ್ತಿ ಗುಣವಲ್ಲ. ಒಂದು ಸಲ ಕೊಟ್ಟದ್ದರ ಫಲ ಹೆಚ್ಚಿನವರಲ್ಲಿ ವಾರ, ಹತ್ತು ದಿನ. ಮತ್ತೆ ಕೊಡಬೇಕು. ಬಿಟ್ಟರೆ ಸೀಕು ಮರಳುವ ಸಂಭವ ಬಹಳ. ಕೊಡುವಾಗ ರಕ್ತದೊತ್ತಡ ಏರುತ್ತದೆ. ತನ್ನ ದೇಹ ತನ್ನದಲ್ಲವೆಂಬ ವಿಚಿತ್ರ ಅನುಭವ ಒಂದು ಗಂಟೆ ಇರುತ್ತದೆ. ಆದುದರಿಂದ ಕೊಟ್ಟ ಮೇಲೆ ಎರಡು ಗಂಟೆಯಾದರೂ ಕಣ್ಣಿಟ್ಟು ನೋಡುವವರಿರಬೇಕು. ಚಟವಾಗಿ ಹಿಡಿದವರ ಮೂತ್ರಕೋಶ ಕೆಡುತ್ತದೆ. ಅಮೆರಿಕದ ನಟ ಮ್ಯಾಥ್ಯೂ ಪೆರಿ 2023ರ ಅಕ್ಟೋಬರಿನಲ್ಲಿ ತೀರಿಕೊಂಡದ್ದು ಮುಖ್ಯವಾಗಿ ಕೆಟಮಿನಿನ ಪರಿಣಾಮದಿಂದಲೆಂದು ಅಲ್ಲಿಯ ವೈದ್ಯಾಧಿಕಾರಿ ಬರೆದರು. ಅವರು ಖಿನ್ನತೆಗಾಗಿ ವೈದ್ಯರಿಂದ ಇದನ್ನು ಪಡೆದವರೂ ಹೌದು; ಆದರೆ ಕೊಂದದ್ದು ಆ ಚಿಕಿತ್ಸೆಯ ಪ್ರಮಾಣವಲ್ಲ, ಹೊರಗಿನಿಂದ ಸಿಕ್ಕಿದ್ದು. ಬಲಬದಿಯ ನೆಂಟರ ನಶೆಯ ಮಾತಿನಲ್ಲಿ ಹಾಗಾದರೆ ಹುರುಳುಂಟು. ನಮ್ಮ ಸರಕಾರ ಇದನ್ನು ಶೆಡ್ಯೂಲ್ ಎಕ್ಸ್‌ಗೆ ಸೇರಿಸಿ, ಎರಡು ಪ್ರತಿ ಚೀಟಿಯಿಲ್ಲದೆ ಅಂಗಡಿಯವರು ಕೊಡದ ಹಾಗೆ ಬೀಗ ಹಾಕಿದ್ದು ಸರಿಯಾಗಿಯೇ ಇದೆ. ಬೀಗವಿರುವುದು ಕಳ್ಳನಿಗೆ, ಮನೆಯವನ ಕೈಯಲ್ಲಿ ಕೀಲಿಕೈ ಇರಬೇಕಲ್ಲ!

ಇನ್ನೊಂದು ಮಾತನ್ನೂ ನಾನೇ ಹೇಳಿಬಿಡುತ್ತೇನೆ, ಎದುರಾಳಿಗೆ ಕಷ್ಟ ಬೇಡ. ಈ ಮದ್ದಿನ ಪರೀಕ್ಷೆಯಲ್ಲಿ ರೋಗಿಗೆ ತಾನು ಪಡೆದದ್ದು ನಿಜವಾದ ಮದ್ದೋ ಬರೇ ನೀರೋ ಎಂಬುದು ತೇಲಿದ ಹಾಗಾಗುವ ಅನುಭವದಿಂದಲೇ ತಿಳಿದುಬಿಡುತ್ತದೆ. ಸ್ಟ್ಯಾನ್‌ಫರ್ಡಿನವರು 2023ರಲ್ಲಿ ಶಸ್ತ್ರಚಿಕಿತ್ಸೆಗೆಂದು ಪೂರ್ತಿ ಅರಿವು ತಪ್ಪಿಸಿದ ನಲವತ್ತು ಮಂದಿ ಖಿನ್ನರಿಗೆ ಗುಟ್ಟಿನಲ್ಲಿ ಕೊಟ್ಟು ನೋಡಿದರು. ಮದ್ದು ಪಡೆದವರೂ ಪಡೆಯದವರೂ ಒಂದೇ ತೆರನಾಗಿ ಚೇತರಿಸಿಕೊಂಡರು. ಎಂದರೆ ಆಶೆಗೆ, ಆರೈಕೆಗೆ, ಯಾರೋ ತನಗಾಗಿ ಏನೋ ಮಾಡುತ್ತಿದ್ದಾರೆಂಬ ನಂಬಿಕೆಗೆ ಇದರಲ್ಲಿ ದೊಡ್ಡ ಪಾಲುಂಟು. ಇದನ್ನೋದಿ ನಾನು ಎರಡು ದಿನ ಸುಮ್ಮನಾದೆ. ಹಾಗಾದರೆ ಸರ್ಪಸಂಸ್ಕಾರಕ್ಕೂ ಇದಕ್ಕೂ ಏನು ಭೇದ ಎಂದು ಅಧ್ಯಾಪಕರು ಕೇಳಿಯಾರು. ಭೇದವುಂಟು. ಆಸ್ಟ್ರೇಲಿಯಾದವರು ಅದೇ ವರ್ಷ ಪ್ರಕಟಿಸಿದ ಪರೀಕ್ಷೆಯಲ್ಲಿ, ಹೋಲಿಕೆಗೆ ಬರೇ ನೀರನ್ನಲ್ಲ, ಮಂಪರು ತರಿಸುವ ಇನ್ನೊಂದು ಮದ್ದನ್ನು ಕೊಟ್ಟರು. ರೋಗಿಯ ಸ್ಥಿತಿ ನೋಡಿ ಕೆಟಮಿನಿನ ಪ್ರಮಾಣ ಏರಿಸುತ್ತ ಹೋದ ಗುಂಪಿನಲ್ಲಿ ಐವರಲ್ಲಿ ಒಬ್ಬರು ಪೂರ್ತಿ ಚೇತರಿಸಿಕೊಂಡರು. ಮಂಪರಿನ ಮದ್ದಿನಲ್ಲಿ ನೂರಕ್ಕೆ ಇಬ್ಬರು. ಆಶೆಯೊಂದರಿಂದಲೇ ಆಗುವುದಾಗಿದ್ದರೆ ಇಷ್ಟು ಅಂತರ ಬರಲಾರದು.

ಆ ಪರೀಕ್ಷೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆಯಿದೆ. ಅವರು ಕೊಟ್ಟದ್ದು ಪೇಟೆಂಟು ಕಳೆದುಹೋದ ಹಳೆಯ ಅಗ್ಗದ ಕೆಟಮಿನ್, ಚರ್ಮದಡಿಗೆ ಒಂದು ಸೂಜಿ, ವಾರಕ್ಕೆರಡು ಸಲ. ಇದೇ ಮದ್ದಿನ ಅಣುವಿಗೆ ಎಡಗೈ ಬಲಗೈಗಳಂತೆ ಎರಡು ಪ್ರತಿರೂಪಗಳಿವೆ. ಅವುಗಳಲ್ಲಿ ಒಂದನ್ನು ಬೇರ್ಪಡಿಸಿ, ಮೂಗಿಗೆ ಸಿಂಪಡಿಸುವ ಹಾಗೆ ಮಾಡಿ, ಹೊಸ ಹೆಸರಿಟ್ಟು 2019ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಿಟ್ಟಾಗ ಒಂದು ಸಲದ ಮದ್ದಿನ ಬೆಲೆ 590 ಡಾಲರಿನಿಂದ 885 ಡಾಲರ್! ಇಂಗ್ಲೆಂಡಿನಲ್ಲಿ ಮದ್ದುಗಳ ಬೆಲೆ ಪ್ರಯೋಜನ ತೂಗಿನೋಡುವ ಸಂಸ್ಥೆ 2022ರಲ್ಲಿ ಇದನ್ನು ಸರಕಾರಿ ವೆಚ್ಚದಲ್ಲಿ ಕೊಡಲು ಶಿಫಾರಸು ಮಾಡಲಿಲ್ಲ. ಇಡೀ ಮದ್ದು ಅಗ್ಗ, ಅರ್ಧ ಮದ್ದು ದುಬಾರಿ. ಅಂಗಡಿಯ ಲೆಕ್ಕಕ್ಕೆ ಬಾರದ ಈ ಲೆಕ್ಕ ಔಷಧ ಕಂಪೆನಿಗಳಿಗೆ ಮಾತ್ರ ಬರುತ್ತದೆ. ಹಳೆಯ ಮದ್ದನ್ನು ಖಿನ್ನತೆಗೆಂದು ಅಧಿಕೃತವಾಗಿ ನೋಂದಾಯಿಸಲು ಕಂಪೆನಿಗಳಿಗೆ ಹೆಚ್ಚು ಆಸಕ್ತಿಯಿಲ್ಲ, ದೊಡ್ಡ ಲಾಭವಿಲ್ಲವಲ್ಲ. ಹಾಗಾಗಿ ವೈದ್ಯರು ತಮ್ಮ ಹೊಣೆಯ ಮೇಲೆ, ರೋಗಿಯ ಒಪ್ಪಿಗೆ ಬರೆಸಿಕೊಂಡು ಕೊಡುತ್ತಾರೆ.

ಇಲ್ಲಿಂದ ನನ್ನ ಬೇಡಿಕೆ ಹೊರಡುತ್ತದೆ. ಮದ್ದು ತಾಲೂಕು ಆಸ್ಪತ್ರೆಗೆ ಹೊಸದಲ್ಲ. ಶಸ್ತ್ರಚಿಕಿತ್ಸೆ ನಡೆಯುವಲ್ಲಿ ಅದು ಬೀಗದೊಳಗೆ ಇದ್ದೇ ಇರುವಂಥದು. ಅರಿವಳಿಕೆ ತಜ್ಞರಿರಬೇಕು, ರಕ್ತದೊತ್ತಡ ತೋರಿಸುವ ಯಂತ್ರ ಬೇಕು, ಎರಡು ಗಂಟೆಯ ಮಟ್ಟಿಗೆ ಒಂದು ಮಂಚ, ಒಬ್ಬ ನರ್ಸು, ಮತ್ತು ಯಾರಿಗೆ ಕೊಡಬೇಕು, ಅದಕ್ಕಿಂತ ಮುಖ್ಯವಾಗಿ ಯಾರಿಗೆ ಕೊಡಬಾರದು ಎಂದು ತೀರ್ಮಾನಿಸುವ ಮನೋವೈದ್ಯರು ಬೇಕು. ಪುತ್ತೂರಿನಲ್ಲಿ ಒಂದು, ಸುಳ್ಯದಲ್ಲಿ ಒಂದು, ಇತ್ತೀಚೆಗೆ ಎರಡೂ ತಾಲೂಕುಗಳಿಂದ ತುಂಡು ಪಡೆದು ತಾಲೂಕಾದ ಕಡಬದಲ್ಲಿ ಒಂದು, ವಾರಕ್ಕೆರಡು ದಿನ ಇಂಥ ಮಂಚ ಹಾಕುವುದು ಅಸಾಧ್ಯವೆ? ಗೆಳೆಯರೊಬ್ಬರು, ಸ್ವತಃ ಡಾಕ್ಟರರು, ಹೀಗೆಂದರು: “ಮೊದಲು ಆ ಎಂಬತ್ತೈದು ಮಂದಿಗೆ ಸಾಮಾನ್ಯ ಗುಳಿಗೆ ಸಿಗಲಿ. ಕೆಟಮಿನಿನ ಮಾತು ಆಮೇಲೆ ನೋಡುವ.” ಅವರ ಮಾತಿಗೆ ತೂಕವಿದೆ, ಒಪ್ಪುತ್ತೇನೆ. ಆದರೆ ಮೂತ್ರಪಿಂಡದ ರೋಗಿಗೆ ಹಾಗೆ ಹೇಳಲಿಲ್ಲ. ಊರಿಗೆಲ್ಲ ಶುದ್ಧ ನೀರು ಬಂದ ಮೇಲೆ ಡಯಾಲಿಸಿಸ್ ನೋಡುವ ಎಂದಿದ್ದರೆ ಇಂದು ತಾಲೂಕು ಆಸ್ಪತ್ರೆಗಳಲ್ಲಿ ಆ ಯಂತ್ರ ಇರುತ್ತಿರಲಿಲ್ಲ. ಗುಳಿಗೆಯೂ ಬೇಕು, ಮಂಚವೂ ಬೇಕು. ಮಂಚ ಹಾಕಿದರೆ ಅದರ ಬಳಿ ಮನೋವೈದ್ಯರು ಇರಲೇಬೇಕಾಗುವುದರಿಂದ ಗುಳಿಗೆಯವರಿಗೂ ಅವರು ಸಿಗುತ್ತಾರೆ ಎಂಬ ಸಣ್ಣ ದುರಾಲೋಚನೆಯೂ ನನಗುಂಟು.

ವಿಮೆಯ ಕತೆಯನ್ನು ಚುಟುಕಾಗಿ ಹೇಳುತ್ತೇನೆ. ದೇಹದ ರೋಗಕ್ಕೆ ಕೊಡುವ ಹಾಗೆಯೇ ಮನಸ್ಸಿನ ರೋಗಕ್ಕೂ ವಿಮೆ ಕೊಡಬೇಕೆಂದು 2017ರ ಕಾಯಿದೆ ಹೇಳುತ್ತದೆ. ಭಾವನ ವಿಮೆಯವರು ಕಾಯಿದೆಯನ್ನು ಒಪ್ಪಿದರು; ಇಪ್ಪತ್ತನಾಲ್ಕು ಗಂಟೆ ಆಸ್ಪತ್ರೆಯಲ್ಲಿ ಮಲಗದ ಕಾರಣ ಹಣವನ್ನು ಮಾತ್ರ ಒಪ್ಪಲಿಲ್ಲ. ನಾಲ್ಕು ಗಂಟೆಯಲ್ಲಿ ಮನೆಗೆ ಕಳಿಸುವುದೇ ಈ ಮದ್ದಿನ ಅನುಕೂಲ ಎಂದು ನಾನು ಮೂರು ಕಾಗದ ಬರೆದೆ. ಮೂರಕ್ಕೂ ಒಂದೇ ಉತ್ತರ ಬಂತು, ತಾರೀಕು ಮಾತ್ರ ಬೇರೆ.

ಇನ್ನು ಭಾವನ ಸಮಾಚಾರ. ದೂರದ ಪೇಟೆಯ ಒಂದು ಆಸ್ಪತ್ರೆಯಲ್ಲಿ, ವಾರಕ್ಕೆರಡರಂತೆ ನಾಲ್ಕು ವಾರ ಕೊಟ್ಟರು. ಒಂದೊಂದು ಸಲಕ್ಕೂ ಹೋಗಿ ಬರುವುದೆಂದರೆ ನೂರೆಪ್ಪತ್ತು ಕಿಲೋಮೀಟರ್. ಬೆಳಿಗ್ಗೆ ಐದೂವರೆಗೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ. ಮದ್ದಿನ ದಿನ ಅವನು ವಾಹನ ನಡೆಸುವ ಹಾಗಿಲ್ಲ. ನಾನು ಹೋಗದಿದ್ದರೆ ಬಾಡಿಗೆ ಕಾರು. ಮದ್ದಿನ ಬೆಲೆಗಿಂತ ಕಾರಿನ ಬಾಡಿಗೆ ಹೆಚ್ಚು. ಮೊದಲ ಸಲ ಏನೂ ಕಾಣಲಿಲ್ಲ. ಎರಡನೆಯ ಸಲ ಬರುವಾಗ, ಮಾಣಿ ದಾಟಿದ ಮೇಲೆ, ಅಷ್ಟು ಹೊತ್ತು ಕಣ್ಣು ಮುಚ್ಚಿದ್ದವನು ಒಮ್ಮೆಲೆ, ಹಿಂದಿನ ವರ್ಷ ನಮ್ಮ ಊರಿನಲ್ಲಾದ ಕೃಷ್ಣಸಂಧಾನದ ಕೂಟದಲ್ಲಿ ಕೌರವನ ಅರ್ಥ ಹೇಳಿದವರು ವಿದುರನ ಮನೆಯ ಮಾತನ್ನು ತೆಗೆದ ಜಾಗ ಸರಿಯಾಗಲಿಲ್ಲ ಎಂದ. ನಾನು ಬೇಕೆಂದೇ ಎದುರು ವಾದ ಹಾಕಿದೆ. ಪುತ್ತೂರು ಬರುವ ತನಕ ಜಗಳವಾಯಿತು. ಅಂಥ ಸುಖದ ಜಗಳ ನನ್ನ ಆಯುಸ್ಸಿನಲ್ಲಿ ಇನ್ನೊಂದಿಲ್ಲ.

ಎಂಟು ಮುಗಿದ ಮೇಲೆ ಎರಡು ವಾರ ಚೆನ್ನಾಗಿದ್ದ. ಮೂರನೆಯ ವಾರ ಮತ್ತೆ ಜಾವ ಮೂರಕ್ಕೆ ಎಚ್ಚರ. “ಮದ್ದು ಸುಳ್ಳು” ಎಂದರು ನೆರೆಯವರು. ನಲವತ್ತೈದು ದಿನಕ್ಕೆ ಎರಡನೆಯ ಬಾರಿ ಮದ್ದು ಬಿಡುವವರೇ ಹೀಗೆಂದರೆ ನಾನು ಏನು ಹೇಳಲಿ? ಈಗ ಮೂರು ವಾರಕ್ಕೊಮ್ಮೆ ಹೋಗುತ್ತೇವೆ. ಜೊತೆಗೆ ಗುಳಿಗೆ ಉಂಟು, ಮಾತಾಡಿಸುವ ವೈದ್ಯರೂ ಇದ್ದಾರೆ. ತೋಟಕ್ಕೆ ಇಳಿಯುತ್ತಾನೆ. ಕೂಟಕ್ಕೆ ಇನ್ನೂ ಹೋಗುವುದಿಲ್ಲ. ಹೋಗೆಂದು ನಾನು ಒತ್ತಾಯಿಸುವುದೂ ಇಲ್ಲ. ಮನೆಯಲ್ಲಿ ಇಂಥವರಿದ್ದು, ಬದುಕು ಸಾಕೆಂಬ ಮಾತು ಅವರ ಬಾಯಿಯಿಂದ ಬಂದರೆ, ಪ್ರಶ್ನೆ ಇಡಲು ಹೋಗುವ ಮುಂಚೆ 14416ಕ್ಕೆ ಫೋನು ಮಾಡಿ. 2022ರಿಂದ ಇರುವ ಸರಕಾರದ ಟೆಲಿ-ಮಾನಸ್ ಅದು, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಆ ಮಾತು ಭಾವನ ಬಾಯಿಯಿಂದ ಬಂದ ರಾತ್ರಿ ಈ ನಂಬರು ನನಗೆ ಗೊತ್ತಿರಲಿಲ್ಲ. ಬೆಳಗಾಗುವ ತನಕ ಜಗಲಿಯಲ್ಲಿ ಅವನ ಪಕ್ಕ ಸುಮ್ಮನೆ ಕುಳಿತಿದ್ದೆ.

ಹಂತಿಯಲ್ಲಿ ನನ್ನ ಎಡಬದಿಗೆ ಕುಳಿತಿದ್ದ ನೆಂಟರಲ್ಲಿ ಒಂದು ಬಿನ್ನಹ. ಮುಂದಿನ ಸರದಿ ಬರುವ ಗುರುವಾರ. ನನಗೆ ಆ ದಿನ ಮನೆಯಲ್ಲಿ ಶ್ರಾದ್ಧವಿರುವುದರಿಂದ ಹೋಗಲಾಗದು. ನಿಮ್ಮಲ್ಲಿ ಕಾರು ಇದೆ.